ಅನ್ಯೋಕ್ತಿಯಿಂದ ಸ್ವಭಾವೋಕ್ತಿಗೆ: ‘ಸ್ಟಾರ್ ಟ್ರೆಕ್’ ಸರಣಿಗಳಲ್ಲಿ ಪ್ರೇಮ, ದಾಂಪತ್ಯ, ಮನೆ

ಇಬ್ಬರು ಗಂಡಸರು ಒಂದೇ ಕನ್ನಡಿಯ ಮುಂದೆ ನಿಂತು ಹಲ್ಲುಜ್ಜುತ್ತಿದ್ದಾರೆ. ಮೈಮೇಲೆ ರಾತ್ರಿ ಮಲಗುವ ಉಡುಪು. ಒಬ್ಬ ವಿಜ್ಞಾನಿ ಪಾಲ್ ಸ್ಟಾಮೆಟ್ಸ್, ಇನ್ನೊಬ್ಬ ಅದೇ ನೌಕೆಯ ವೈದ್ಯ ಹ್ಯೂ ಕಲ್ಬರ್. ಅಂದು ಸ್ಟಾಮೆಟ್ಸ್ ಜೀವಕ್ಕೇ ಸಂಚಕಾರವಿದ್ದ ಪ್ರಯೋಗವೊಂದನ್ನು ತನ್ನ ಮೈಮೇಲೆ ಮಾಡಿಕೊಂಡಿದ್ದಾನೆ. ಕಲ್ಬರ್‌ಗೆ ಅದರ ಸಿಟ್ಟು ಇನ್ನೂ ಆರಿಲ್ಲ, ಆತಂಕವೂ ಹೋಗಿಲ್ಲ. ಹೆಚ್ಚು ಮಾತಿಲ್ಲ. ಮಾತಿನ ನಡುವೆ ಕೈ ತನ್ನಷ್ಟಕ್ಕೆ ಹಲ್ಲುಜ್ಜುತ್ತಲೇ ಇರುತ್ತದೆ. ‘ಸ್ಟಾರ್ ಟ್ರೆಕ್: ಡಿಸ್ಕವರಿ’ ಸರಣಿಯ ಐದನೆಯ ಕಂತಿನ ಕೊನೆಯ ಭಾಗವಿದು. ಮೊದಲು ಬಿತ್ತರವಾದದ್ದು 2017ರ ಅಕ್ಟೋಬರ್ 15ರಂದು. ‘ಸ್ಟಾರ್ ಟ್ರೆಕ್’ ಕಿರುತೆರೆಯಲ್ಲಿ ಶುರುವಾದದ್ದು 1966ರ ಸೆಪ್ಟೆಂಬರ್ 8ರಂದು. ಈ ಎರಡು ತಾರೀಕುಗಳ ನಡುವೆ 51 ವರ್ಷಗಳಿವೆ. ಇಬ್ಬರು ಪ್ರೇಮಿಗಳು ಮಲಗುವ ಮುನ್ನ ಹಲ್ಲುಜ್ಜುವುದನ್ನು ತೋರಿಸಲು ಅಷ್ಟು ಕಾಲ ಏಕೆ ಬೇಕಾಯಿತು? ಈ ಟಿಪ್ಪಣಿ ಆ ಪ್ರಶ್ನೆಯ ಬೆನ್ನು ಹತ್ತಿದೆ.

ಈ ವಿಷಯದ ಚರಿತ್ರೆಯನ್ನು ಸಾಮಾನ್ಯವಾಗಿ ಮುತ್ತುಗಳ ಲೆಕ್ಕದಲ್ಲಿ ಬರೆಯುತ್ತಾರೆ. ಕಪ್ಪು ವರ್ಣದ ಅಧಿಕಾರಿ ಉಹುರಾ ಮತ್ತು ಬಿಳಿಯ ಕ್ಯಾಪ್ಟನ್ ಕರ್ಕ್ ಚುಂಬಿಸಿದ್ದು 1968ರ ನವೆಂಬರ್ 22ರಂದು. ಇಬ್ಬರು ಹೆಂಗಸರು ಚುಂಬಿಸಿದ್ದು 1995ರ ಅಕ್ಟೋಬರ್ 30ರಂದು, ಹೀಗೆ. ಮೊದಲನೆಯದು ಬಿತ್ತರವಾಗುವ ಒಂದೂವರೆ ವರ್ಷದ ಹಿಂದೆಯಷ್ಟೇ, 1967ರ ಜೂನ್‌ನಲ್ಲಿ, ಅಮೆರಿಕದ ಸುಪ್ರೀಂ ಕೋರ್ಟು ವರ್ಣಾಂತರ ವಿವಾಹ ನಿಷೇಧಗಳನ್ನು ರದ್ದು ಮಾಡಿತ್ತು. ಆದ್ದರಿಂದ ಆ ದೃಶ್ಯದ ಧೈರ್ಯವನ್ನು ನಾನು ಕಡಿಮೆ ಎಣಿಸುವುದಿಲ್ಲ. ಆದರೆ ಆ ಕಥೆಯಲ್ಲಿ ಅವರಿಬ್ಬರೂ ಇಷ್ಟಪಟ್ಟು ಹತ್ತಿರ ಬಂದವರಲ್ಲ. ಮನೋಬಲದಿಂದ ಪರರ ಮೈಯನ್ನು ಆಡಿಸಬಲ್ಲ ಅನ್ಯಗ್ರಹದ ಆಳುವವರು ಬಲವಂತದಿಂದ ಅವರನ್ನು ಒಟ್ಟಿಗೆ ತಳ್ಳುತ್ತಾರೆ. ಕಂತು ಮುಗಿದ ಮೇಲೆ ಇಬ್ಬರೂ ತಂತಮ್ಮ ಕೆಲಸಕ್ಕೆ ಹಿಂತಿರುಗುತ್ತಾರೆ, ಮುಂದೆ ಅದರ ಮಾತೇ ಬರುವುದಿಲ್ಲ. ಮುತ್ತು ಒಂದು ಘಟನೆ. ನಡೆಯುತ್ತದೆ, ಸುದ್ದಿಯಾಗುತ್ತದೆ, ಮುಗಿಯುತ್ತದೆ. ಮನೆ ಹಾಗಲ್ಲ, ಅದಕ್ಕೆ ಮರುದಿನವೂ ಇರುತ್ತದೆ. ಅದಕ್ಕೇ ಯಾರು ಯಾರನ್ನು ಚುಂಬಿಸಿದರು ಎಂಬುದನ್ನು ಬಿಟ್ಟು, ಯಾರಿಗೆ ಯಾರ ಜೊತೆ ಮನೆ ಸಿಕ್ಕಿತು ಎಂದು ಹುಡುಕುತ್ತ ಈ ಕಂತುಗಳನ್ನು ಮತ್ತೆ ನೋಡಿದೆ.

ನೋಡುತ್ತ ಹೋದಂತೆ ನಮ್ಮ ಅಲಂಕಾರಶಾಸ್ತ್ರದ ಎರಡು ಪದಗಳು ಕೈಹಿಡಿದವು. ಒಂದು ಅನ್ಯೋಕ್ತಿ: ಹೇಳಬೇಕಾದವರನ್ನು ಬಿಟ್ಟು ಇನ್ನೊಬ್ಬರ ಮೇಲಿಟ್ಟು ಹೇಳುವುದು. ದುಂಬಿಗೆ ಹೇಳಿದಂತೆ ಮಾಡಿ ಚಂಚಲ ಪ್ರೇಮಿಗೆ ತಾಗಿಸುವ ಕ್ರಮ ಅದು. ಇನ್ನೊಂದು ಸ್ವಭಾವೋಕ್ತಿ: ಇದ್ದುದನ್ನು ಇದ್ದಂತೆ, ಅದರ ಸಹಜ ಚಲನೆಯಲ್ಲಿ ಹಿಡಿಯುವುದು. ದಂಡಿ ಇದನ್ನು ಅಲಂಕಾರಗಳಲ್ಲಿ ಮೊದಲನೆಯದಾಗಿ ಎಣಿಸಿದ. ಭಾಮಹನಿಗೆ ಇದು ಅಲಂಕಾರವೇ ಎಂಬ ಸಂಶಯವಿತ್ತು. ನೇರವಾಗಿ ಹೇಳಲಾಗದ್ದನ್ನು ಅನ್ಯಗ್ರಹದವರ ಮೇಲಿಟ್ಟು ಹೇಳುವುದು ವೈಜ್ಞಾನಿಕ ಕಥೆಗಳ ಹಳೆಯ ದಾರಿ. ‘ಸ್ಟಾರ್ ಟ್ರೆಕ್’ ಅದರಲ್ಲಿ ಪಳಗಿದ ಸರಣಿ. ಆ ದಾರಿಯಿಂದ ಏನು ಸಿಕ್ಕಿತು, ಏನು ಕೈತಪ್ಪಿತು ಎಂಬುದು ಕಂತು ಕಂತಿಗೂ ಬೇರೆಯಾಗಿದೆ.

ಮೊದಲ ಸರಣಿಯ ‘ಅಮಾಕ್ ಟೈಮ್’ ಕಂತಿನಿಂದ ಶುರುಮಾಡುತ್ತೇನೆ. 1967ರ ಸೆಪ್ಟೆಂಬರ್ 15ರಂದು ಬಿತ್ತರವಾಯಿತು. ಬರೆದವನು ಥಿಯೊಡರ್ ಸ್ಟರ್ಜನ್. 1953ರಲ್ಲೇ ಈತ ಸಲಿಂಗ ಪ್ರೇಮವನ್ನು ಸಹಾನುಭೂತಿಯಿಂದ ಕಂಡ ‘ದಿ ವರ್ಲ್ಡ್ ವೆಲ್ ಲಾಸ್ಟ್’ ಎಂಬ ಕಥೆ ಬರೆದಿದ್ದ. ನಮ್ಮಲ್ಲಿ ಅನೇಕರು ಮೊದಲ ಸರಣಿಯನ್ನು ಕಂಡದ್ದು 1980ರ ದಶಕದಲ್ಲಿ, ದೂರದರ್ಶನದಲ್ಲಿ. ಆ ಸರಣಿಯ ಸ್ಪಾಕ್‌ನನ್ನು ಬಲ್ಲವರಿಗೆ ಅವನು ಭಾವನೆ ಗೆದ್ದ ತರ್ಕಜೀವಿ. ಈ ಕಂತಿನಲ್ಲಿ ಅವನು ನರ್ಸ್ ತಂದ ಸೂಪಿನ ಬಟ್ಟಲನ್ನು ಗೋಡೆಗೆ ಎಸೆಯುತ್ತಾನೆ. ವಲ್ಕನ್ ಜನರಿಗೆ ಏಳು ವರ್ಷಕ್ಕೊಮ್ಮೆ ಮೈಯಲ್ಲಿ ಬೆಂಕಿಯಂಥ ಕಾಮ ಏಳುತ್ತದೆ. ಊರಿಗೆ ಹೋಗಿ ಮದುವೆಯಾಗಬೇಕು, ಇಲ್ಲದಿದ್ದರೆ ಸಾವು. ಅದನ್ನು ಕ್ಯಾಪ್ಟನ್‌ಗೆ ಹೇಳಲು ಸ್ಪಾಕ್ ಪಡುವ ಸಂಕೋಚವಿದೆಯಲ್ಲ, ಅದು ಈ ಕಂತಿನ ಅತ್ಯುತ್ತಮ ದೃಶ್ಯ. ಎಲ್ಲ ಗ್ರಹಗಳ ಎಲ್ಲ ವಿದ್ಯೆ ಬಲ್ಲವನಿಗೆ ಈ ಒಂದು ಮಾತಿಗೆ ಬಾಯಿ ಬರುವುದಿಲ್ಲ. ‘ಜೀವಶಾಸ್ತ್ರ’ ಎಂಬ ಒಂದು ಪದ ಹೇಳಿ ಮುಖ ತಿರುಗಿಸುತ್ತಾನೆ.

ಅಮೆರಿಕದ ನೋಡುಗರಿಗೆ ಇದು ದೂರದ ಗ್ರಹದ ವಿಚಿತ್ರ ಆಚಾರ. ನಮಗೆ ಅಷ್ಟು ದೂರದ್ದಲ್ಲ. ಸ್ಪಾಕ್‌ಗೆ ಏಳು ವರ್ಷವಿದ್ದಾಗಲೇ ಮನೆಯವರು ಟಪ್ರಿಂಗ್ ಎಂಬ ಹುಡುಗಿಯೊಡನೆ ಸಂಬಂಧ ಗೊತ್ತುಮಾಡಿದ್ದಾರೆ. ಈಗ ಹಿರಿಯಳಾದ ಟಪೌ ಪಲ್ಲಕ್ಕಿಯಂಥ ಆಸನದಲ್ಲಿ ಬರುತ್ತಾಳೆ, ಗಂಟೆಗಳು ಮೊಳಗುತ್ತವೆ. ಹುಡುಗಿಗೆ ಬೇರೆ ಮನಸ್ಸಿದೆ. ಆದರೆ ಆ ಪದ್ಧತಿಯಲ್ಲಿ ಅವಳು ಬೇಡವೆನ್ನಲು ಇರುವ ದಾರಿ ಒಂದೇ: ಸವಾಲು ಹಾಕಿ ತನ್ನ ಪರವಾಗಿ ಹೋರಾಡುವವನನ್ನು ಆರಿಸಬೇಕು, ಗೆದ್ದವನ ಸ್ವತ್ತಾಗಬೇಕು. ತಾನು ಪ್ರೀತಿಸಿದ ಸ್ಟಾನ್‌ನನ್ನು ಬಿಟ್ಟು ಅವಳು ಕರ್ಕ್‌ನನ್ನು ಆರಿಸುತ್ತಾಳೆ. ಕರ್ಕ್ ಗೆದ್ದರೆ ಅವನಿಗೆ ತಾನು ಬೇಡ; ಸ್ಪಾಕ್ ಗೆದ್ದರೆ ಸವಾಲು ಹಾಕಿದವಳನ್ನು ಬಿಟ್ಟುಬಿಡುತ್ತಾನೆ, ಬಿಡದಿದ್ದರೂ ನೌಕೆಗೆ ಹೊರಟುಹೋಗುತ್ತಾನೆ, ಆಸ್ತಿ ತನಗೆ, ಸ್ಟಾನ್ ಹೇಗೂ ಊರಲ್ಲೇ ಇರುತ್ತಾನೆ. ಈ ಲೆಕ್ಕ ಕೇಳಿ ಸ್ಪಾಕ್ ಮೆಚ್ಚಿಕೊಳ್ಳುತ್ತಾನೆ. ವಿಮರ್ಶಕರು ಹೆಚ್ಚಾಗಿ ಇವಳನ್ನು ತಣ್ಣನೆಯ ಸಂಚುಗಾತಿಯಾಗಿ ಓದಿದ್ದಾರೆ. ನನ್ನ ಓದು ಬೇರೆ. ತನ್ನನ್ನು ಒಂದು ಸ್ವತ್ತು ಎಂದು ಬರೆದಿಟ್ಟ ಕಟ್ಟಳೆಯ ಒಳಗಿಂದಲೇ, ಆ ಕಟ್ಟಳೆಯ ಒಂದಕ್ಷರವನ್ನೂ ಮೀರದೆ, ತನ್ನ ಬದುಕನ್ನು ತಾನೇ ಕೈಗೆತ್ತಿಕೊಂಡವಳು ಆ ಕಂತಿನಲ್ಲಿ ಟಪ್ರಿಂಗ್ ಒಬ್ಬಳೇ. ಅವಳಿಗೆ ಆಗ ಕೆಲವೇ ನಿಮಿಷಗಳ ಪಾಲು ಸಿಕ್ಕಿತು. 2022ರಲ್ಲಿ ಶುರುವಾದ ‘ಸ್ಟ್ರೇಂಜ್ ನ್ಯೂ ವರ್ಲ್ಡ್ಸ್’ ಸರಣಿ ಅವಳಿಗೆ ಒಂದು ಉದ್ಯೋಗ, ತಂದೆತಾಯಿ, ತನ್ನ ಮಾತನ್ನು ಕೊಟ್ಟಿತು. ಅಷ್ಟರಲ್ಲಿ 55 ವರ್ಷ ಕಳೆದಿತ್ತು.

1987ರಲ್ಲಿ ಬಂದ ‘ದಿ ನೆಕ್ಸ್ಟ್ ಜನರೇಷನ್’ ಮನೆಯ ಪ್ರಶ್ನೆಯನ್ನು ನೌಕೆಯ ರಚನೆಯೊಳಗೇ ತಂದಿತು. ಹೊಸ ‘ಎಂಟರ್‌ಪ್ರೈಸ್’ನಲ್ಲಿ ಸಾವಿರಕ್ಕೂ ಹೆಚ್ಚು ಜನರಿದ್ದಾರೆ, ಹೆಂಡತಿ, ಗಂಡ, ಮಕ್ಕಳು, ಶಾಲೆ ಎಲ್ಲವೂ ಅದರಲ್ಲೇ. ಮಕ್ಕಳನ್ನು ಕಂಡರೆ ಮುಜುಗರಪಡುವ ಕ್ಯಾಪ್ಟನ್ ಪಿಕಾರ್ಡ್‌ನನ್ನು ಅದರ ತಲೆಯ ಮೇಲೆ ಕೂರಿಸಿದ್ದಾರೆ. ಆದರೆ ಮುಖ್ಯ ಪಾತ್ರಗಳ ಮನೆಗಳನ್ನು ಒಂದೊಂದಾಗಿ ಹೊಕ್ಕು ನೋಡಿದರೆ ಒಂದು ವಿನ್ಯಾಸ ಕಾಣುತ್ತದೆ. ವೈದ್ಯೆ ಬೆವರ್ಲಿ ಕ್ರಷರ್ ವಿಧವೆ, ಜೊತೆಗೊಬ್ಬ ಮಗ. ಅಧಿಕಾರಿ ವರ್ಫ್‌ನ ಮಗನ ತಾಯಿ ಕೊಲೆಯಾಗುತ್ತಾಳೆ. ಸಲಹೆಗಾರ್ತಿ ಟ್ರಾಯ್‌ಳ ತಾಯಿ ವಿಧವೆ. ಮುಂದಿನ ‘ಡೀಪ್ ಸ್ಪೇಸ್ ನೈನ್’ನಲ್ಲಿ ಸಿಸ್ಕೊ ವಿಧುರ. ಸಾವು ಇಲ್ಲಿ ಕಥೆಗಾರರಿಗೆ ಒದಗಿಬಂದ ಉಪಾಯ. ಗಂಡ, ಹೆಂಡತಿ, ಮಗು ಎಂಬ ಮಾದರಿ ನಿಯಮವಾಗಿ ಹಾಗೇ ನಿಲ್ಲುತ್ತದೆ, ಯಾರೂ ಅದನ್ನು ಬೇಡವೆಂದು ಬಿಟ್ಟಿಲ್ಲ; ಇತ್ತ ವಾರಕ್ಕೊಂದು ಹೊಸ ಪ್ರೇಮಕ್ಕೆ ಜಾಗವೂ ಖಾಲಿಯಿರುತ್ತದೆ. ವಿಚ್ಛೇದನ ಮನೆಮನೆಯ ಮಾತಾಗಿದ್ದ ದೇಶದಲ್ಲಿ, ಅದೇ ಕಾಲದಲ್ಲಿ, 24ನೆಯ ಶತಮಾನದ ಈ ಒಂಟಿ ತಂದೆತಾಯಿಯರೆಲ್ಲ ಸಾವಿನಿಂದಲೇ ಒಂಟಿಯಾದರು ಎಂಬುದನ್ನು ಗಮನಿಸಬೇಕು.

ಇದಕ್ಕೆ ಹೊರತಾದದ್ದು ಓಬ್ರಾಯನ್ ದಂಪತಿ. 1991ರ ಜನವರಿಯಲ್ಲಿ ಮದುವೆಯಾದ ಮೈಲ್ಸ್ ಮತ್ತು ಕೇಕೊ ಅದೇ ತಿಂಗಳ ಇನ್ನೊಂದು ಕಂತಿನಲ್ಲಿ ತಿಂಡಿಯ ಮೇಜಿಗೆ ಎದುರುಬದುರು ಕೂತಿದ್ದಾರೆ. ಕೇಕೊ ತನ್ನ ಮನೆಯ ರೂಢಿಯಂತೆ ಕಡಲಕಳೆಯ ತಿಂಡಿ ಬಡಿಸಿದ್ದಾಳೆ. ಮೈಲ್ಸ್‌ಗೆ ಅದು ಗಂಟಲಲ್ಲಿ ಇಳಿಯುತ್ತಿಲ್ಲ. ತನ್ನಮ್ಮ ಯಂತ್ರದ ಅಡುಗೆ ನಂಬದೆ ಕೈಯಾರೆ ಮಾಂಸ ಬೇಯಿಸುತ್ತಿದ್ದಳೆಂದು ನೆನೆಯುತ್ತಾನೆ. ಕೇಕೊ ಬೆಚ್ಚುತ್ತಾಳೆ. ಯಾರೂ ಯಾವ ಪಾಠವನ್ನೂ ಹೇಳುವುದಿಲ್ಲ. ಅಂತರಕುಲ ದಾಂಪತ್ಯದ ನಿಜವಾದ ಕದನಭೂಮಿ ಊಟದ ಮೇಜು ಎಂದು ಬಲ್ಲವರು ಬರೆದ ದೃಶ್ಯವಿದು. ನಾನು ಸ್ವಭಾವೋಕ್ತಿ ಎನ್ನುವುದು ಇದನ್ನೇ. ಗಂಡುಹೆಣ್ಣಿನ ದಾಂಪತ್ಯಕ್ಕೆ ಇದು 1991ರಲ್ಲೇ ಸಿಕ್ಕಿತ್ತು.

ಅದಕ್ಕೆ ಒಂದು ವರ್ಷ ಹಿಂದೆ, 1990ರ ಮಾರ್ಚ್ 12ರಂದು ಬಂದ ‘ದಿ ಆಫ್‌ಸ್ಪ್ರಿಂಗ್’ ಕಂತು ಈ ಇಡೀ ಪರಂಪರೆಯಲ್ಲಿ ನನಗೆ ಬಹಳ ಹತ್ತಿರವಾದದ್ದು. ಯಂತ್ರಮಾನವ ಡೇಟಾ ಯಾರನ್ನೂ ಕೇಳದೆ ತನ್ನ ಮಿದುಳಿನ ಮಾದರಿಯಲ್ಲಿ ಇನ್ನೊಂದು ಜೀವವನ್ನು ಕಟ್ಟುತ್ತಾನೆ. ಅದಕ್ಕೆ ‘ಲಾಲ್’ ಎಂದು ಹೆಸರಿಡುತ್ತಾನೆ. ಹಿಂದಿಯಲ್ಲಿ ಪ್ರೀತಿಪಾತ್ರ ಎಂಬ ಅರ್ಥ. ಮೊದಲು ಲಾಲ್‌ಗೆ ಹೆಣ್ಣು ಗಂಡೆಂಬ ಗುರುತಿಲ್ಲ. ಯಾರಾಗಬೇಕೆಂಬ ಆಯ್ಕೆಯನ್ನು ಡೇಟಾ ಲಾಲ್‌ಗೇ ಬಿಡುತ್ತಾನೆ. ಹಲವು ರೂಪಗಳನ್ನು ನೋಡಿ ಲಾಲ್ ಮನುಷ್ಯ ಹೆಣ್ಣಿನ ರೂಪವನ್ನು ಆರಿಸುತ್ತಾಳೆ. ಲಿಂಗತ್ವವನ್ನು ಮಗುವೇ ಆರಿಸಿಕೊಳ್ಳುವುದನ್ನು ಯಾವ ಗದ್ದಲವೂ ಇಲ್ಲದೆ ತೋರಿಸಿದ ಕಂತು ಇದು. ಸಾಧ್ಯವಾದದ್ದು ಲಾಲ್ ಯಂತ್ರ ಎಂಬ ಮರೆಯಿಂದ. ಮನುಷ್ಯರ ಮಗುವಾಗಿದ್ದರೆ ಆ ಮಾತನ್ನೇ ಎತ್ತುತ್ತಿರಲಿಲ್ಲ.

ಪಿಕಾರ್ಡ್ ಮೊದಲು ಸಿಡಿಮಿಡಿಗೊಳ್ಳುತ್ತಾನೆ. ಇದು ಆವಿಷ್ಕಾರ, ಮಗುವಲ್ಲ ಎಂದು ಪಟ್ಟು ಹಿಡಿಯುತ್ತಾನೆ. ಇಂಗ್ಲಿಷಿನಲ್ಲಿ ಅವನ ವಾದವೆಲ್ಲ ಸರ್ವನಾಮದ ಮೇಲೆ ನಿಂತಿದೆ: ವಸ್ತುವಿಗೆ ಬಳಸುವ ಸರ್ವನಾಮ ಬಳಸಿದರೆ ಲಾಲ್ ವಸ್ತು. ಕನ್ನಡದಲ್ಲಿ ಈ ವಾದ ನಿಲ್ಲುವುದಿಲ್ಲ. ನಮಗೆ ಮಗು ಅಳುತ್ತದೆ, ಮಗು ನಗುತ್ತದೆ. ‘ಅದಕ್ಕೆ ಹಸಿವಾಗಿದೆ’ ಎಂದಾಗ ತಾಯಿಯ ಪ್ರೀತಿಗೆ ಕುಂದಿಲ್ಲ. ನಪುಂಸಕ ಲಿಂಗದಲ್ಲಿ ಇಷ್ಟು ಅಕ್ಕರೆಯಿಂದ ಮಾತಾಡುವ ಭಾಷೆಯಿಂದ ಈ ಕಂತನ್ನು ನೋಡಿದರೆ ಪಿಕಾರ್ಡ್‌ನ ತೊಡಕು ಅವನ ಭಾಷೆಯ ತೊಡಕೂ ಹೌದು ಎನಿಸುತ್ತದೆ. ಕೊನೆಗೆ ಸಂಶೋಧನೆಗೆಂದು ಲಾಲ್‌ಳನ್ನು ಒಯ್ಯಲು ಅಡ್ಮಿರಲ್ ಬಂದು ನಿಂತಾಗ, ಒಬ್ಬ ತಂದೆ ತನ್ನ ಮಗುವನ್ನು ಸರ್ಕಾರಕ್ಕೆ ಒಪ್ಪಿಸಬೇಕೆಂದು ತಾನು ಆಜ್ಞೆ ಮಾಡಲಾರೆ ಎಂದು ಅದೇ ಪಿಕಾರ್ಡ್ ಎದುರು ನಿಲ್ಲುತ್ತಾನೆ. ಇದೇ ಕಂತಿನಲ್ಲಿ ಗೈನನ್ ಲಾಲ್‌ಗೆ ಪ್ರೇಮವೆಂದರೇನೆಂದು ವಿವರಿಸುವ ಸನ್ನಿವೇಶವಿದೆ. ಬರೆದಿದ್ದ ಮಾತು ಗಂಡು ಹೆಣ್ಣು ಪ್ರೀತಿಸಿದಾಗ ಎಂದಿತ್ತು. ಗೈನನ್ ಪಾತ್ರದ ವೂಪಿ ಗೋಲ್ಡ್‌ಬರ್ಗ್ ಅದನ್ನು ಇಬ್ಬರು ಪ್ರೀತಿಸಿದಾಗ ಎಂದು ತಿದ್ದಿಸಿದರೆಂದು ಆಗ ಜೊತೆಗಿದ್ದವರು ನೆನೆದಿದ್ದಾರೆ. ಬದಲಾದದ್ದು ಒಂದು ಪದಗುಚ್ಛ, ಅಷ್ಟೇ. ಒಂದು ಸರಣಿಯಲ್ಲಿ ಯಾರಿಗೆ ಜಾಗವಿದೆ ಎಂಬುದನ್ನು ಕೆಲವೊಮ್ಮೆ ಅಷ್ಟೇ ನಿರ್ಧರಿಸುತ್ತದೆ.

ಲಾಲ್ ಬದುಕುಳಿಯುವುದಿಲ್ಲ. ಇದನ್ನು ಇಲ್ಲೇ ಗುರುತಿಸಿಡುತ್ತೇನೆ. ರೂಢಿಗೆ ಹೊರತಾದ ಮನೆಯೊಂದು ಕಟ್ಟಿಕೊಂಡಾಗಲೆಲ್ಲ ಕಂತು ಮುಗಿಯುವ ಹೊತ್ತಿಗೆ ಅದು ಬಿದ್ದಿರುತ್ತದೆ.

1991ರ ಮೇ ತಿಂಗಳ ‘ದಿ ಹೋಸ್ಟ್’ ಇದಕ್ಕೆ ಇನ್ನೊಂದು ರೂಪ. ಟ್ರಿಲ್ ಎಂಬ ಜನರಲ್ಲಿ ಕೆಲವರ ದೇಹದೊಳಗೆ ದೀರ್ಘಾಯುವಾದ ಮತ್ತೊಂದು ಜೀವ ನೆಲೆಸಿರುತ್ತದೆ; ದೇಹ ಹೋದರೆ ಅದು ಬೇರೆ ದೇಹಕ್ಕೆ ಹೋಗುತ್ತದೆ, ನೆನಪು ಪ್ರೀತಿ ಎಲ್ಲವನ್ನೂ ಒಯ್ಯುತ್ತದೆ. ಬೆವರ್ಲಿ ಕ್ರಷರ್ ಓಡನ್ ಎಂಬ ಟ್ರಿಲ್ ರಾಯಭಾರಿಯನ್ನು ಪ್ರೀತಿಸುತ್ತಾಳೆ. ಅವನ ದೇಹ ಸಾಯುತ್ತದೆ. ಒಳಗಿನ ಜೀವವನ್ನು ತಾತ್ಕಾಲಿಕವಾಗಿ ದಿನವೂ ಜೊತೆಗೆ ಕೆಲಸ ಮಾಡುವ ರೈಕರ್‌ನ ದೇಹದಲ್ಲಿಡುತ್ತಾರೆ. ತಡವರಿಸಿದರೂ ಅವಳು ಆ ದೇಹದಲ್ಲೂ ಓಡನ್‌ನನ್ನು ಒಪ್ಪುತ್ತಾಳೆ. ಕೊನೆಗೆ ಬಂದ ದೇಹ ಹೆಣ್ಣಿನದು. ಅಲ್ಲಿಗೆ ನಿಲ್ಲುತ್ತದೆ. ಇಂಥ ಬದಲಾವಣೆಗಳಿಗೆ ಒಗ್ಗದಿರುವುದು ಬಹುಶಃ ಮನುಷ್ಯರ ಕೊರತೆ, ಮುಂದೊಂದು ದಿನ ನಮ್ಮ ಪ್ರೀತಿ ಇಷ್ಟು ಸಂಕುಚಿತವಾಗಿರಲಿಕ್ಕಿಲ್ಲ ಎಂಬರ್ಥದ ಮಾತಾಡಿ ಕ್ರಷರ್ ಹಿಂದೆ ಸರಿಯುತ್ತಾಳೆ. ಪಾತ್ರವಾಗಿ ಅವಳ ಮನಸ್ಸು ಅವಳದು, ಅದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ 24ನೆಯ ಶತಮಾನದಲ್ಲಿ ನಿಂತು ‘ಮುಂದೊಂದು ದಿನ’ ಎನ್ನುವ ಬರಹಗಾರರು ಆ ದಿನವನ್ನು ಯಾವ ಶತಮಾನಕ್ಕೆ ಮುಂದೂಡುತ್ತಿದ್ದರು?

ಸರಣಿಯ ಜನಕ ಜೀನ್ ರಾಡನ್‌ಬೆರಿ ಬೇರೆ ಮಾತು ಕೊಟ್ಟಿದ್ದರು. 1986ರಲ್ಲಿ ಅಭಿಮಾನಿಗಳ ಸಮಾವೇಶವೊಂದರಲ್ಲಿ ಕೇಳಿದಾಗ, ನೌಕೆಯಲ್ಲಿ ಸಲಿಂಗ ಪ್ರೇಮಿಗಳೂ ಇರಬೇಕು ಎಂದು ಒಪ್ಪಿದ್ದರು. ಆ ಮಾತನ್ನು ನಂಬಿ ಬರಹಗಾರ ಡೇವಿಡ್ ಜೆರಾಲ್ಡ್ ‘ನೆಕ್ಸ್ಟ್ ಜನರೇಷನ್’ನ ಮೊದಲ ವರ್ಷಕ್ಕೆ ‘ಬ್ಲಡ್ ಅಂಡ್ ಫೈರ್’ ಎಂಬ ಚಿತ್ರಕಥೆ ಬರೆದರು. ಏಡ್ಸ್ ಭಯದ ಕಾಲ. ರಕ್ತದಾನಕ್ಕೂ ಜನ ಹೆದರುತ್ತಿದ್ದರು. ಕಥೆಯಲ್ಲಿ ರಕ್ತದಿಂದ ಹರಡುವ ಹಾವಳಿಯೊಂದಿತ್ತು, ಜೊತೆಯಾಗಿ ಬಾಳುವ ಇಬ್ಬರು ಗಂಡು ಸಿಬ್ಬಂದಿಯಿದ್ದರು. ಅದು ಚಿತ್ರೀಕರಣವಾಗಲೇ ಇಲ್ಲ. ಜೆರಾಲ್ಡ್ ಸರಣಿ ಬಿಟ್ಟರು. 1991ರಲ್ಲಿ ‘ದಿ ಅಡ್ವೊಕೇಟ್’ ಪತ್ರಿಕೆಗೆ ರಾಡನ್‌ಬೆರಿ ಮತ್ತೆ ಹೇಳಿದರು: ಐದನೆಯ ವರ್ಷದಲ್ಲಿ ಸಲಿಂಗ ಪ್ರೇಮಿ ಸಿಬ್ಬಂದಿಯನ್ನು ನೌಕೆಯ ದಿನನಿತ್ಯದ ಬದುಕಿನಲ್ಲಿ ಕಾಣುತ್ತೀರಿ ಎಂದು. ದಿನನಿತ್ಯದ ಬದುಕು: ಅವರಿಗೂ ಹೊಳೆದಿದ್ದದ್ದು ಅದೇ. ಆ ಅಕ್ಟೋಬರ್ 24ರಂದು ಅವರು ತೀರಿಕೊಂಡರು. ಐದನೆಯ ವರ್ಷದಲ್ಲಿ ಬಂದದ್ದು ದಿನನಿತ್ಯದ ಬದುಕಲ್ಲ, ಇನ್ನೊಂದು ಅನ್ಯೋಕ್ತಿ.

ಅದು 1992ರ ಮಾರ್ಚ್ 16ರ ‘ದಿ ಔಟ್‌ಕ್ಯಾಸ್ಟ್’. ಬರೆದವರು ಜೆರಿ ಟೇಲರ್. ಜನಾಯಿ ಎಂಬ ಜನರಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ. ಯಾರಾದರೂ ತಾನು ಗಂಡು ಅಥವಾ ಹೆಣ್ಣು ಎಂದುಕೊಂಡರೆ ಅದು ರೋಗ, ಚಿಕಿತ್ಸೆ ಕೊಟ್ಟು ‘ಸರಿಪಡಿಸಬೇಕು’. ಸೋರೆನ್ ತಾನು ಹೆಣ್ಣೆಂದು ಬಲ್ಲಳು, ರೈಕರ್‌ನನ್ನು ಪ್ರೀತಿಸುತ್ತಾಳೆ. ವಿಚಾರಣೆಯಲ್ಲಿ ಅವಳು ನಿಂತು ಆಡುವ ಮಾತು, ನಾವು ರೋಗಿಗಳಲ್ಲ, ನಮ್ಮ ಪ್ರೀತಿಯನ್ನು ಗುಣಪಡಿಸಬೇಕಾಗಿಲ್ಲ ಎಂಬ ಅಳಲು, ಇಂದಿಗೂ ಎದೆ ತಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಸಲಿಂಗ ಪ್ರೇಮವನ್ನು ರೋಗಗಳ ಪಟ್ಟಿಯಿಂದ ಕೈಬಿಡಲು ಒಪ್ಪಿದ್ದು 1990ರ ಮೇ 17ರಂದು, ಈ ಕಂತಿಗೆ ಎರಡು ವರ್ಷವೂ ಇರದಷ್ಟು ಹಿಂದೆ. ಅನ್ಯೋಕ್ತಿಯ ಶಕ್ತಿ ಇಲ್ಲಿ ನಿಚ್ಚಳ: ನೋಡುಗನ ಸ್ವಂತ ಪ್ರೀತಿಯನ್ನೇ ರೋಗವೆಂದು ಕರೆದು ಅವನನ್ನು ಆ ಕಟಕಟೆಯಲ್ಲಿ ನಿಲ್ಲಿಸುತ್ತದೆ. ಅದರ ಸೋಲೂ ಇಲ್ಲೇ ಇದೆ. ಪರದೆಯ ಮೇಲೆ ಕಡೆಗೂ ಕಂಡದ್ದು ಒಬ್ಬ ಗಂಡು ಮತ್ತು ಒಬ್ಬ ನಟಿ. ಸೋರೆನ್ ಪಾತ್ರಕ್ಕೆ ಇನ್ನಷ್ಟು ಗಂಡಾಗಿ ಕಾಣುವವರು ಬೇಕಿತ್ತು ಎಂದು ರೈಕರ್ ಪಾತ್ರದ ಜೊನಾಥನ್ ಫ್ರೇಕ್ಸ್ ಸ್ವತಃ ಹೇಳಿದ್ದಾರೆ. ಚಿಕಿತ್ಸೆ ಮುಗಿದ ಮೇಲೆ ಬರುವ ಸೋರೆನ್ ಶಾಂತವಾಗಿದ್ದಾಳೆ, ತನಗೆ ಕಾಯಿಲೆಯಿತ್ತು, ಈಗ ವಾಸಿಯಾಗಿದೆ ಎನ್ನುತ್ತಾಳೆ. ಆ ಶಾಂತಿಯನ್ನು ಸುಖಾಂತ್ಯವಾಗಿ ತೋರಿಸದಿರುವಷ್ಟು ಪ್ರಾಮಾಣಿಕತೆ ಬರಹಗಾರ್ತಿಗಿತ್ತು, ಅದಕ್ಕೆ ನಾನು ಋಣಿ.

1995ರ ‘ರೀಜಾಯ್ನ್ಡ್’ ಮತ್ತೆ ಟ್ರಿಲ್ ಜನರ ಕಥೆ, ‘ಡೀಪ್ ಸ್ಪೇಸ್ ನೈನ್’ನಲ್ಲಿ, ನಿರ್ದೇಶಿಸಿದವರು ಸಿಸ್ಕೊ ಪಾತ್ರದ ಏವರಿ ಬ್ರೂಕ್ಸ್. ಜಾಡ್ಜಿಯಾ ಡಾಕ್ಸ್ ಒಳಗಿನ ಜೀವವೂ ಲೆನಾರಾ ಕಾನ್ ಒಳಗಿನ ಜೀವವೂ ಹಿಂದೊಮ್ಮೆ ಬೇರೆ ದೇಹಗಳಲ್ಲಿ ಗಂಡಹೆಂಡಿರಾಗಿದ್ದವು. ಗಂಡ ಅಪಘಾತದಲ್ಲಿ ಸತ್ತ. ಈಗ ಇಬ್ಬರೂ ಹೆಂಗಸರಾಗಿ ಎದುರಾಗಿದ್ದಾರೆ. ಹಿಂದಿನ ದೇಹದ ಸಂಬಂಧವನ್ನು ಮುಂದಿನ ದೇಹದಲ್ಲಿ ಮುಂದುವರಿಸುವುದು ಟ್ರಿಲ್‌ಗಳಲ್ಲಿ ಘೋರ ನಿಷೇಧ. ಮೀರಿದವರಿಗೆ ಗಡೀಪಾರು, ದೇಹ ಸತ್ತಾಗ ಒಳಗಿನ ಜೀವವೂ ಸಾಯಬೇಕು. ಕನ್ನಡದ ಓದುಗನಿಗೆ ಇಲ್ಲಿ ನಾಗವರ್ಮನ ‘ಕರ್ಣಾಟಕ ಕಾದಂಬರಿ’ ನೆನಪಾಗದೆ ಇರದು. ಬಾಣನಿಂದ ಬಂದ ಆ ಕಥೆಯಲ್ಲಿ ಪ್ರೇಮ ಜನ್ಮದಿಂದ ಜನ್ಮಕ್ಕೆ ದಾಟಿ ಮತ್ತೆ ಕೂಡುವುದೇ ಧನ್ಯತೆ. ಟ್ರಿಲ್‌ಗಳ ಕಟ್ಟಳೆ ಅದಕ್ಕೆ ತದ್ವಿರುದ್ಧ: ಒಳಗಿನ ಜೀವ ಹೊಸ ಅನುಭವ ಪಡೆಯಬೇಕು, ಹಿಂದಿನ ಋಣವನ್ನು ಕಳಚಿಕೊಳ್ಳಲೇಬೇಕು. ಜನ್ಮಾಂತರದ ಋಣಾನುಬಂಧದ ಮೇಲೆ ನಂಬಿಕೆ ಬೆಳೆದ ನೆಲದಿಂದ ನೋಡುವವರಿಗೆ ಆ ನಿಷೇಧ ಇನ್ನಷ್ಟು ಕ್ರೂರವಾಗಿ ಕಾಣುತ್ತದೆ.

ಈ ಕಂತಿನ ದೊಡ್ಡ ಹೆಜ್ಜೆ ಅದು ಆಡದ ಮಾತಿನಲ್ಲಿದೆ. ಇಬ್ಬರೂ ಹೆಂಗಸರು ಎಂದು ಯಾರೂ ಒಂದು ಸಲವೂ ಎತ್ತಿ ಹೇಳುವುದಿಲ್ಲ. ಅದು ಯಾರಿಗೂ ಸಮಸ್ಯೆಯಲ್ಲ. ಊರವರ ಕಣ್ಣಿಗೆ ಮರ್ಯಾದೆಯಿರಲೆಂದು ಊಟಕ್ಕೆ ಕೂರುವಾಗ ನಡುವೆ ವೈದ್ಯ ಬಷೀರ್‌ನನ್ನು ಕೂರಿಸಿಕೊಳ್ಳುತ್ತಾರೆ. ಮಾತು ಅವನನ್ನು ದಾಟಿ ಹರಿಯುತ್ತದೆ, ಅವನು ತಟ್ಟೆ ನೋಡುತ್ತಾನೆ. ಹುಡುಗ ಹುಡುಗಿ ಮಾತಾಡಲೆಂದು ಬಿಟ್ಟು ಕಾವಲಿಗೆ ತಮ್ಮನನ್ನೋ ತಂಗಿಯನ್ನೋ ಕೂರಿಸುವ ಮನೆಗಳನ್ನು ಕಂಡವರಿಗೆ ಈ ದೃಶ್ಯ ವಿವರಿಸಬೇಕಾಗಿಲ್ಲ. ಮುತ್ತು ಬರುತ್ತದೆ, ಅದು ಆಗ ದೊಡ್ಡ ಸುದ್ದಿಯೂ ಆಯಿತು. ಜಾಡ್ಜಿಯಾ ಎಲ್ಲ ಬಿಡಲು ಸಿದ್ಧಳು. ಲೆನಾರಾಗೆ ಆ ಧೈರ್ಯ ಸಾಲದು, ಊರಿಗೆ ಹೋಗುವ ನೌಕೆ ಹತ್ತುತ್ತಾಳೆ. ಮುತ್ತು ಕೊಟ್ಟರು, ಮನೆ ಕೊಡಲಿಲ್ಲ.

ಮನೆಯ ವಿಷಯದಲ್ಲಿ ‘ಡೀಪ್ ಸ್ಪೇಸ್ ನೈನ್’ ಬೇರೊಂದು ಕಡೆ ಬಹಳ ಮುಂದೆ ಹೋಯಿತು. ಸಿಸ್ಕೊ ತನ್ನ ಮಗ ಜೇಕ್‌ನನ್ನು ಒಬ್ಬನೇ ಬೆಳೆಸುತ್ತಾನೆ: ಅಡುಗೆ ಮಾಡುತ್ತಾನೆ, ತಬ್ಬಿಕೊಳ್ಳುತ್ತಾನೆ. ದೊಡ್ಡವನಾದ ಮಗನ ಹಣೆಗೆ ಮುತ್ತಿಡಲು ಅವನಿಗೆ ಸಂಕೋಚವಿಲ್ಲ. ನ್ಯೂ ಆರ್ಲಿಯನ್ಸ್‌ನಲ್ಲಿ ಸಣ್ಣ ಭೋಜನಾಲಯ ನಡೆಸುವ ಅಜ್ಜನೂ ಇದ್ದಾನೆ. ಆ ಪಾತ್ರ ಮಾಡಿದ ಬ್ರಾಕ್ ಪೀಟರ್ಸ್, 1962ರ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಚಿತ್ರದಲ್ಲಿ ಸುಳ್ಳು ಆರೋಪ ಹೊತ್ತ ಟಾಮ್ ರಾಬಿನ್ಸನ್ ಆಗಿದ್ದವರು. ಕಪ್ಪು ಗಂಡಸು ಮನೆ ಬಿಟ್ಟು ಹೋಗುವವನು ಎಂಬ ಅಮೆರಿಕದ ಹಳೆಯ ದೂಷಣೆಗೆ ಎದುರಾಗಿ ಮೂರು ತಲೆಮಾರಿನ ಗಂಡಸರ ವಾತ್ಸಲ್ಯವನ್ನು ಏಳು ವರ್ಷ ನಿಧಾನವಾಗಿ ಕಟ್ಟಿದ್ದಾರೆ. 1999ರ ಕೊನೆಯ ಕಂತಿನಲ್ಲಿ ಸಿಸ್ಕೊ ಗರ್ಭಿಣಿ ಹೆಂಡತಿಯನ್ನು ಬಿಟ್ಟು ದೈವಗಳ ಲೋಕಕ್ಕೆ ಹೋಗಿಬಿಡಬೇಕಿತ್ತು. ಕಪ್ಪು ತಂದೆಯೊಬ್ಬ ಹೀಗೆ ಹೊರಟುಹೋಗುವ ಚಿತ್ರ ತಪ್ಪಾಗುತ್ತದೆ ಎಂದು ಏವರಿ ಬ್ರೂಕ್ಸ್ ಹೇಳಿದರು. ತಾನು ಮರಳಿ ಬರುತ್ತೇನೆಂದು ಸಿಸ್ಕೊ ಹೆಂಡತಿಗೆ ಮಾತು ಕೊಡುವಂತೆ ಆ ದೃಶ್ಯವನ್ನು ಬದಲಿಸಿದರು. ಕುಟುಂಬದ ಮಾದರಿ ಎಲ್ಲರಿಗೂ ಒಂದೇ ಭಾರದ್ದಲ್ಲ. ಬಿಳಿಯ ನಾಯಕನೊಬ್ಬ ಹೀಗೆ ಹೊರಟಿದ್ದರೆ ಅದು ವೈರಾಗ್ಯವೆನಿಸುತ್ತಿತ್ತು.

ಇನ್ನು ‘ಡಿಸ್ಕವರಿ’ಯ ಕನ್ನಡಿಗೆ ಮರಳೋಣ. 2017ರಲ್ಲಿ ಆ ದೃಶ್ಯ ಸಾಧ್ಯವಾಗಲು ಪ್ರಸಾರದ ವ್ಯವಸ್ಥೆಯೂ ಬದಲಾಗಿತ್ತು. ಮೊದಲ ಸರಣಿ ಎನ್‌ಬಿಸಿ ವಾಹಿನಿಯ ಪರಿಶೀಲಕರ ಕತ್ತರಿ ದಾಟಬೇಕಿತ್ತು. ‘ನೆಕ್ಸ್ಟ್ ಜನರೇಷನ್’ ಊರೂರಿನ ಸ್ಥಳೀಯ ಕೇಂದ್ರಗಳು ಕೊಂಡು ತೋರಿಸುತ್ತಿದ್ದ ಸರಣಿ, ಪ್ರತಿ ಕೇಂದ್ರಕ್ಕೂ ತನ್ನ ಜಾಹೀರಾತುದಾರರ ಅಂಜಿಕೆ. ‘ಡಿಸ್ಕವರಿ’ ಚಂದಾ ಕಟ್ಟಿದವರಿಗೆ ಅಂತರ್ಜಾಲದಲ್ಲಿ ಸಿಗುವ ಸರಣಿ. ಭಾರತದಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂತು. ಆ ಅಕ್ಟೋಬರ್‌ನಲ್ಲಿ ಇಲ್ಲಿ ಕೂತು ನೋಡಿದವರಿಗೆ 377ನೆಯ ವಿಧಿ ಇನ್ನೂ ತಲೆಯ ಮೇಲಿತ್ತು. ಸುಪ್ರೀಂ ಕೋರ್ಟು ವಯಸ್ಕರ ಸಮ್ಮತಿಯ ಸಂಬಂಧವನ್ನು ಅದರ ಹಿಡಿತದಿಂದ ಬಿಡಿಸಿದ್ದು 2018ರ ಸೆಪ್ಟೆಂಬರ್ 6ರಂದು. ಹಾಗಾಗಿ ಇಬ್ಬರು ಗಂಡಸರು ಹಲ್ಲುಜ್ಜುವ ದೃಶ್ಯ ಇಲ್ಲಿನ ಕೆಲವರಿಗೆ ಅಲ್ಲಿಯವರಿಗಿಂತ ಹೆಚ್ಚು ಭವಿಷ್ಯಕಾಲದ್ದಾಗಿತ್ತು.

2018ರ ಜನವರಿಯಲ್ಲಿ ಕಲ್ಬರ್‌ನನ್ನು ಕೊಂದರು. ಮನೆ ಬೀಳಿಸುವ ಹಳೆಯ ಅಭ್ಯಾಸ ಬಿಟ್ಟಿರಲಿಲ್ಲ ಎಂದು ನೋಡುಗರು ನೊಂದರು. ಆ ನೋವು ನ್ಯಾಯವಾದದ್ದು. ಈ ಬಾರಿ ಮಾತ್ರ ಅವನು ಮುಂದಿನ ವರ್ಷ ಮರಳಿದ. ಮರಳಿದವನು ಒಮ್ಮೆಗೇ ಸಂಸಾರಕ್ಕೆ ಹೊಂದಿಕೊಳ್ಳುವುದಿಲ್ಲ, ಬೇರೆ ಕೋಣೆಗೆ ಹೋಗುತ್ತಾನೆ, ಮತ್ತೆ ಹತ್ತಿರವಾಗಲು ಹೊತ್ತು ಹಿಡಿಯುತ್ತದೆ. ದಾಂಪತ್ಯದ ಈ ಮುನಿಸನ್ನು ಬರೆದದ್ದು ನನಗೆ ಮರಳಿಬಂದದ್ದಕ್ಕಿಂತ ದೊಡ್ಡದು. 2020ರಲ್ಲಿ ಅಡೀರಾ ಎಂಬ ಎಳೆಯ ವ್ಯಕ್ತಿ ಅವರ ಆಸರೆಗೆ ಬರುತ್ತಾರೆ, ನಿಧಾನವಾಗಿ ಮಗುವಿನಂತಾಗುತ್ತಾರೆ. ಅಡೀರಾ ಹೆಣ್ಣೂ ಅಲ್ಲ, ಗಂಡೂ ಅಲ್ಲ; ತನ್ನನ್ನು ಇಂಗ್ಲಿಷಿನ ಬಹುವಚನದ ಸರ್ವನಾಮದಿಂದ ಕರೆಯಬೇಕೆಂದು ಸ್ಟಾಮೆಟ್ಸ್‌ಗೆ ಹೇಳುವ ಸನ್ನಿವೇಶವಿದೆ. ಇಂಗ್ಲಿಷಿನಲ್ಲಿ ಅದು ಒಂದು ಘೋಷಣೆಯಾಗಲೇಬೇಕು. ನಮ್ಮ ‘ಅವರು’ ಒಬ್ಬರಿಗೇ ಸಲ್ಲುವ ಗೌರವದ ಪದ, ಗಂಡಿಗೂ ಹೆಣ್ಣಿಗೂ ಹಿಂದಿನಿಂದ ಒಂದೇ. ಆದರೆ ಮನೆಯ ಎಳೆಯರಿಗೆ ನಾವು ‘ಅವರು’ ಎನ್ನುವುದಿಲ್ಲ. ಅಡೀರಾಳ, ಅಲ್ಲ, ಅಡೀರಾ ಅವರ ಬಗ್ಗೆ ಸ್ಟಾಮೆಟ್ಸ್ ಕನ್ನಡದಲ್ಲಿ ಅಕ್ಕರೆಯಿಂದ ಮಾತಾಡಬೇಕೆಂದರೆ ಗೌರವ ಮತ್ತು ಸಲಿಗೆ ಎರಡಕ್ಕೂ ಒಗ್ಗುವ ಪದವನ್ನು ಹುಡುಕಬೇಕಾಗುತ್ತದೆ. ‘ಮಗು’ ಎಂಬುದೊಂದೇ ನನಗೆ ತೋಚಿದ್ದು.

ಮನೆಯ ಅಳತೆಗೋಲನ್ನು ಇಷ್ಟು ದೂರ ಬಳಸಿದ ಮೇಲೆ ಅದು ಮುರಿಯುವ ಜಾಗವನ್ನೂ ತೋರಿಸಬೇಕು. ‘ಎಂಟರ್‌ಪ್ರೈಸ್’ ಸರಣಿಯ ‘ಕೊಜೆನಿಟರ್’, 2003ರ ಏಪ್ರಿಲ್ 30ರದು. ವಿಸಿಯನ್ ಎಂಬ ಜನರಲ್ಲಿ ಮೂರು ಲಿಂಗಗಳಿವೆ. ಗಂಡಹೆಂಡಿರಿಗೆ ಮಗುವಾಗಬೇಕಾದರೆ ಮೂರನೆಯವರು ಬೇಕು. ಅವರ ಸಂಖ್ಯೆ ಕಡಿಮೆ. ಮಗು ಬಯಸಿದ ದಂಪತಿಗೆ ಅವರನ್ನು ಒದಗಿಸುತ್ತಾರೆ, ಕೆಲಸ ಮುಗಿದ ಮೇಲೆ ಇನ್ನೊಂದು ಮನೆಗೆ. ಮನೆ ಇದೆ, ಊಟವಿದೆ, ಹೊಡೆತ ಬಡಿತವಿಲ್ಲ. ಹೆಸರಿಲ್ಲ, ಓದಿಲ್ಲ. ದಂಪತಿ ಸಜ್ಜನರು, ಇದರಲ್ಲಿ ತಪ್ಪೇನಿದೆ ಎಂದು ಅವರಿಗೆ ನಿಜಕ್ಕೂ ತಿಳಿಯುವುದಿಲ್ಲ. ಮಗುವಿಗೆ ಅಗತ್ಯವಾದ ಮೂವರಲ್ಲಿ ಇಬ್ಬರು ಕುಟುಂಬ, ಒಬ್ಬರು ಸಾಧನ. ಹುಟ್ಟಿಗೆ ಅನಿವಾರ್ಯವಾದ ಮೈಯನ್ನು ಹೊಸ್ತಿಲ ಒಳಗೆ ಕರೆದು ಸಂಸಾರದಿಂದ ಮಾತ್ರ ಹೊರಗಿಡುವುದನ್ನು ಇಷ್ಟು ಸೌಮ್ಯವಾದ ಮುಖಗಳಲ್ಲಿ ತೋರಿಸಿದ ಇನ್ನೊಂದು ಕಂತು ‘ಸ್ಟಾರ್ ಟ್ರೆಕ್’ನಲ್ಲಿ ನಾನು ಕಂಡಿಲ್ಲ.

ಎಂಜಿನಿಯರ್ ಟ್ರಿಪ್ ಟಕರ್ ಗುಟ್ಟಾಗಿ ಅವರಿಗೆ ಓದು ಕಲಿಸುತ್ತಾನೆ. ಒಂದೇ ದಿನದಲ್ಲಿ ಅವರು ಓದತೊಡಗುತ್ತಾರೆ, ಚಲನಚಿತ್ರ ನೋಡುತ್ತಾರೆ, ಆಟದಲ್ಲಿ ಅವನನ್ನು ಸೋಲಿಸುತ್ತಾರೆ. ಆಶ್ರಯ ಕೇಳುತ್ತಾರೆ. ಕ್ಯಾಪ್ಟನ್ ಆರ್ಚರ್ ಹಿಂದಕ್ಕೆ ಕಳಿಸುತ್ತಾನೆ. ಕೆಲವು ದಿನಗಳಲ್ಲಿ ಅವರು ಪ್ರಾಣ ಕಳೆದುಕೊಂಡ ಸುದ್ದಿ ಬರುತ್ತದೆ. ಟ್ರಿಪ್‌ನನ್ನು ನಿಲ್ಲಿಸಿ ಬೈಯುವಾಗ ಆರ್ಚರ್ ಹೋದ ಜೀವದ ಜೊತೆಗೆ, ಆ ದಂಪತಿಗೆ ಇನ್ನು ಸದ್ಯಕ್ಕೆ ಹುಟ್ಟದ ಮಗುವನ್ನೂ ನಷ್ಟದ ಲೆಕ್ಕಕ್ಕೆ ಸೇರಿಸುತ್ತಾನೆ. ಕಂತು ಟ್ರಿಪ್‌ನ ತಪ್ಪಿನ ಮೇಲೆ ಮುಗಿಯುತ್ತದೆ. ಆಶ್ರಯ ನಿರಾಕರಿಸಿದವನ ತಪ್ಪನ್ನು ಯಾರೂ ಕೇಳುವುದಿಲ್ಲ. ನನ್ನ ಎಣಿಕೆಯಲ್ಲಿ ಇದು ಬರಹದ ದೋಷ, ಪಾತ್ರದ್ದಲ್ಲ. ಸಾಯುವ ಮೊದಲು ಆ ಮೂರನೆಯವರು ತಮಗೊಂದು ಹೆಸರಿಟ್ಟುಕೊಂಡಿದ್ದರು, ತಮಗೆ ಓದಲು ಕಲಿಸಿದ ಟ್ರಿಪ್‌ನ ಪೂರ್ಣ ಹೆಸರಿನಿಂದ ತೆಗೆದುಕೊಂಡದ್ದು: ಚಾರ್ಲ್ಸ್.